ಹಿಟ್ಟು ಅಂದರೆ ಫ್ಲೋರು

ವೇದಿಕೆಯ ಮೇಲಿರುವ ಗಣ್ಯರೇ, ವೇದಿಕೆಯ ಕೆಳಗಿರುವ ನಗಣ್ಯರೇ, ಸಭಿಕರೇ, ಮತ್ತು ಮಧ್ಯಾಹ್ನದಿಂದ ಕೈಕಟ್ಟಿ ಬಾಯಿ ಮುಚ್ಚಿ ಕುಳಿತು, ಈ ಸಭೆಯಲ್ಲಿ ಸಭ್ಯರು ತಾವೊಬ್ಬರೇ ಎಂದು ತೋರಿಸಿಕೊಟ್ಟಿರುವ ನನ್ನ ಮಕ್ಕಳೇ,

ಯಾರೂ ಬೇಸರಪಟ್ಟುಕೊಳ್ಳಬಾರದು. ಗಣ್ಯ ಎಂದರೆ ಎಣಿಸಬಹುದಾದವನು ಎಂದರ್ಥ. ವೇದಿಕೆಯ ಮೇಲೆ ಇರುವವರನ್ನು ಒಂದು ಕೈಯ ಬೆರಳುಗಳಲ್ಲಿ ಎಣಿಸಬಹುದು. ನಿಮ್ಮನ್ನು ಎಣಿಸಲು ಆಗುವುದಿಲ್ಲ. ಆದ್ದರಿಂದ ನೀವು ನಗಣ್ಯರು. ಕನ್ನಡ ಪಂಡಿತನ ಕೈಗೆ ಮೈಕು ಕೊಟ್ಟರೆ ಇದೇ ತೊಂದರೆ, ಪದಕ್ಕೆ ಅರ್ಥ ಹೇಳದೆ ಅವನಿಗೆ ನಿದ್ದೆ ಬರುವುದಿಲ್ಲ, ಅರ್ಥ ಹೇಳಿದರೆ ಕೇಳುವವರಿಗೆ ಬರುತ್ತದೆ.

ನನಗೆ ಒಪ್ಪಿಸಿರುವುದು ಈ ಉದ್ಘಾಟನೆಯ ವಂದನಾರ್ಪಣೆ. ಅಂದರೆ ಜನ ಬೆಂಚಿನ ಕೆಳಗೆ ಕಾಲಾಡಿಸಿ ಚಪ್ಪಲಿ ಹುಡುಕಿಕೊಳ್ಳುವಾಗ ಹಿನ್ನೆಲೆಯಲ್ಲಿ ಕೇಳಿಬರಬೇಕಾದ ಭಾಷಣ. “ಎರಡು ಮಾತಿನಲ್ಲಿ ಮುಗ್ಸಿಬಿಡಿ ರಾಮಪ್ರಸಾದ್” ಎಂದು ನಮ್ಮ ಹೆಡ್ಮಾಸ್ತರರು ಕಿವಿಯಲ್ಲಿ ಹೇಳಿದ್ದಾರೆ. ಎರಡೇ ಮಾತು ಸಾರ್. ಒಂದು ವಂದನೆ, ಇನ್ನೊಂದು ಅರ್ಪಣೆ.

ಮೊದಲ ವಂದನೆ ಮುಖ್ಯ ಅತಿಥಿಗಳಾದ ಶ್ರೀ ವೆಂಕಟಸುಬ್ಬಯ್ಯನವರಿಗೆ. ದೊಡ್ಡ ಕಾರ್ಖಾನೆಯ ನಿವೃತ್ತ ಮೇನೇಜರು, ಹಿತೈಷಿ ಸೇವಾ ಬಳಗದ ಅಧ್ಯಕ್ಷರು, ನಾವೀಗ ಕುಳಿತಿರುವ ಈ ಭೋಜನ ಮಂದಿರವನ್ನು ದೊಡ್ಡಕುಂಟೆಪಾಳ್ಯದ ಶಾಲೆಗೆ ಕಟ್ಟಿಸಿಕೊಟ್ಟವರು. ಅತಿಥಿ ಎಂದರೆ ತಿಥಿ ನೋಡದೆ ಬರುವವನು. ಇವರು ತಿಥಿಯನ್ನೇನೋ ನೋಡಿದರು, ಗಡಿಯಾರವನ್ನು ನೋಡಲಿಲ್ಲ. ಬಿಸಿಲಿರುವಾಗ ಬರಬೇಕಾದವರು ಸೂರ್ಯ ಕುಂಟೆಯ ಏರಿಯಾಚೆ ಇಳಿದ ಮೇಲೆ ಬಂದರು. ಹೂಡಿಯಲ್ಲಿ ರೈಲ್ವೆ ಗೇಟು ಹಾಕಿತ್ತಂತೆ. ಸೊಪ್ಪಿನ ಗಾಡಿಗೆ ಹತ್ತು ನಿಮಿಷಕ್ಕೆ ತೆರೆಯುವ ಗೇಟು ಅಂಬಾಸಿಡರ್ ಕಾರಿಗೆ ಇಡೀ ಮಧ್ಯಾಹ್ನ ಹಾಕಿಕೊಂಡಿತ್ತೆಂದರೆ ನಮ್ಮ ರೈಲ್ವೆಯವರು ಬಡವರ ಪಕ್ಷಪಾತಿಗಳೇ ಇರಬೇಕು.

ಇವರು ಬಂದರು, ಕರೆಂಟು ಹೋಯಿತು. ಒಂದೇ ಊರಿನಲ್ಲಿ ಎರಡು ಪ್ರಕಾಶ ಬೇಡವೆಂದು ಇಲಾಖೆಯವರಿಗೆ ಅನ್ನಿಸಿರಬೇಕು. ಬ್ಯಾಟರಿಯ ಮೇಲಿದ್ದ ಮೈಕು ಮಾತ್ರ ಬದುಕಿಕೊಂಡಿತು. ಈ ಪೆಟ್ರೋಮ್ಯಾಕ್ಸಿಗೆ ಗಾಳಿ ಹಾಕುವುದರೊಳಗೆ ಮಾಲಾರ್ಪಣೆ ಎಂದು ಕೂಗಿಯಾಗಿತ್ತು. ಐದನೇ ತರಗತಿಯ ನಮ್ಮ ಭಾಗ್ಯಮ್ಮ ಚಕ್ಕೆ ಗಂಧದ ಹಾರ ಹಿಡಿದು ಬಂದಳು, ಮುಖ್ಯ ಅತಿಥಿಗಳು ಬಗ್ಗಿಸಿದ ಕತ್ತನ್ನು ದಾಟಿ ಮುಂದೆ ಹೋದಳು, ಹೋಗಿ ಹಾರವನ್ನು ಈ ಮೈಕಿನ ಕಂಬಕ್ಕೆ ಹಾಕಿ ಕೈಮುಗಿದಳು. ನೀವೆಲ್ಲ ನಕ್ಕಿರಿ. ಸಭೆಯ ಅಧ್ಯಕ್ಷರಾದ ಗೋಪಾಲಪ್ಪನವರು ತೊಡೆ ತಟ್ಟಿಕೊಂಡು ನಕ್ಕರು. ನಾನೂ ನಕ್ಕೆ. “ಮೈಕಾಸುರನಿಗೆ ಮಾಲಾರ್ಪಣೆ” ಎಂದು ಅಂದವನು ನಾನೇ. ಅದಕ್ಕೆ ಇನ್ನಷ್ಟು ನಗು ಬಂತು. ಆ ಹುಡುಗಿ ನಗುವಿನ ಕಡೆಗೆ ತಿರುಗಿ, ಯಾಕೆಂದು ತಿಳಿಯದೆ, ತಾನೂ ನಕ್ಕಳು.

ಆ ವಿಷಯಕ್ಕೆ ಮತ್ತೆ ಬರುತ್ತೇನೆ. ನಾವು ಕೇಳಿದ್ದು ಆಹಾರ. ಆಹಾರದಲ್ಲಿ ಮೊದಲಕ್ಷರ ಹೋದರೆ ಉಳಿಯುವುದು ಹಾರ. ಈ ಶಾಲೆಯ ಕಥೆ ಇಷ್ಟೇ.

ನೀವು ಕೇಳಬಹುದು: ಏನಯ್ಯಾ ನಿನ್ನ ಗೋಳು? ಇಷ್ಟು ದೊಡ್ಡ ಹಾಲು, ಸಾಲಾಗಿ ಕೂರಲು ಕಟ್ಟೆ, ಕೈ ತೊಳೆಯಲು ನಲ್ಲಿ, ಗೋಡೆಗೆ ತಿಳಿಹಸಿರು ಬಣ್ಣ, ಕಾಲಿಟ್ಟರೆ ಮುಖ ಕಾಣುವಂಥ ಮೊಸಾಯಿಕ್ ನೆಲ. ಇನ್ನೇನು ಬೇಕು? ಬೇಕಾಗಿರುವುದು ಒಂದೇ ಸ್ವಾಮಿ. ಒಂದು ಒಲೆ. ಇಷ್ಟು ದೊಡ್ಡ ಭೋಜನ ಮಂದಿರದಲ್ಲಿ ಅಡಿಗೆಮನೆ ಇಲ್ಲ. ಮರೆತುಹೋಗಿ ಬಿಟ್ಟದ್ದಲ್ಲ, ತಿಳಿದು ಬಿಟ್ಟದ್ದು. ಭೋಜನ ಎಂಬ ಪದವನ್ನು ಬಿಡಿಸಿದರೆ “ಭೋ ಜನ!” ಎಂದಾಗುತ್ತದೆ. ಜನಗಳೇ ಬನ್ನಿ ಎಂದು ಕರೆಯುವುದಷ್ಟೇ ಇಲ್ಲಿನ ಏರ್ಪಾಡು. ಬಂದವರಿಗೆ ಇಕ್ಕುವುದು ಯೋಜನೆಯಲ್ಲಿ ಇಲ್ಲ. ಈ ಶಾಲೆಯಲ್ಲಿ ಮತ್ತೆ ಒಲೆ ಹೊತ್ತಬೇಕು. ಯಾಕೆ ಹೊತ್ತಬೇಕು ಎಂಬುದನ್ನು ಹೇಳಿಯೇ ನಾನು ಮೈಕು ಬಿಡುವುದು. ಹೆಡ್ಮಾಸ್ತರರು ಕ್ಷಮಿಸಬೇಕು.

ನಾನು ಈ ಶಾಲೆಗೆ ಬಂದಾಗ ಮಕ್ಕಳಿಗೆ ಮಧ್ಯಾಹ್ನ ಕೊಡುತ್ತಿದ್ದದ್ದು ಹಡಗಿನಲ್ಲಿ ಬಂದ ಹಳದಿ ರವೆಯ ಉಪ್ಪಿಟ್ಟು. ಒಂದು ವರ್ಷ ಆ ಮೂಟೆ ಬರುವುದೇ ನಿಂತುಹೋಯಿತು. ಯಾಕೆ ನಿಂತಿತು ಎಂದು ಕೇಳಿದರೆ ಮೇಲಿನವರು ಇನ್ನೂ ಮೇಲಿನವರನ್ನು ತೋರಿಸಿದರು. ಮಕ್ಕಳು ಮಧ್ಯಾಹ್ನ ನಲ್ಲಿಯ ನೀರು ಕುಡಿದು ಬಂದು ಕೂರುತ್ತಿದ್ದರು. ನಾನು ಸ್ಟಾಫ್ ರೂಮಿನಲ್ಲಿ, ಮನೆಯಾಕೆ ಕಟ್ಟಿಕೊಟ್ಟ ಮೂರು ಅಂತಸ್ತಿನ ಕ್ಯಾರಿಯರು ಬಿಚ್ಚಿ, ಕಿಟಕಿಗೆ ಬೆನ್ನು ಹಾಕಿ ತಿನ್ನುತ್ತಿದ್ದೆ. ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿ ಬೆಳೆದವನು ನಾನು. ಸೈರನ್ ಕೂಗಿದರೆ ಊಟ, ಇನ್ನೊಮ್ಮೆ ಕೂಗಿದರೆ ಊಟ ಮುಗಿಯಿತು. ಹಸಿವು ಸೈರನ್ನಿಗೆ ಸಂಬಂಧಪಟ್ಟ ವಿಷಯ ಎಂದೇ ಬಹಳ ಕಾಲ ತಿಳಿದುಕೊಂಡಿದ್ದೆ.

ಆಗ ಇಲ್ಲಿ ಉಪ್ಪಿಟ್ಟು ಬೇಯಿಸುತ್ತಿದ್ದ ಚಿಕ್ಕಮುನಿಯಮ್ಮ ಒಂದು ದಿನ ಸ್ಟಾಫ್ ರೂಮಿನ ಬಾಗಿಲಿಗೆ ಬಂದು ನಿಂತಳು. “ಸಾಮಿ, ನೀವು ಉಣ್ಣೋದ ಉಣ್ಣಿ. ನಂಗೆ ಒಂದ್ ಮಾತ್ ಏಳಿ. ರವೆ ಬರ್ನಿಲ್ಲ ಅಂತ ಒಲೆನೂ ಆರಿಸ್ಬೇಕಾ? ಊರಾಗೆ ರಾಗಿ ಇಲ್ವಾ?”

ಊರಲ್ಲಿ ರಾಗಿ ಇತ್ತು. ಸುಗ್ಗಿಯಲ್ಲಿ ಕಣ ಮಾಡಿದ ಮನೆಯವರೆಲ್ಲ ಶಾಲೆಗೆ ಒಂದೊಂದು ಮೊರ ರಾಗಿ ಕೊಡುವುದೆಂದು ಅರಳಿಕಟ್ಟೆಯ ಮೇಲೆ ಮಾತಾಯಿತು. ಬೇಲಿಯಲ್ಲಿ ಬೆರಕೆ ಸೊಪ್ಪಿತ್ತು. ಅಡಿಗೆ ಕೊಟ್ಟಿಗೆಯ ಹಿಂದೆ ಒಂದು ನುಗ್ಗೆಮರ ಇತ್ತು. ಅಂದಿನಿಂದ ನಮ್ಮ ಶಾಲೆಯಲ್ಲಿ ಹಿಟ್ಟು, ಸೊಪ್ಪಿನ ಸಾರು. ಹೊರಗಿನಿಂದ ಬಂದವರಿಗಾಗಿ ಅರ್ಥ ಹೇಳುತ್ತೇನೆ: ಈ ಸೀಮೆಯಲ್ಲಿ ಹಿಟ್ಟು ಎಂದರೆ ರಾಗಿಮುದ್ದೆ. ಹಕಾರ ನಮ್ಮ ಹೊಲಗಳಲ್ಲಿ ಬೆಳೆಯುವುದಿಲ್ಲವಾದ್ದರಿಂದ ಬಾಯಲ್ಲಿ ಅದು ಇಟ್ಟು.

ಈಗ ಭಾಗ್ಯಮ್ಮನ ವಿಷಯ. ಅವಳು ಎರಡನೇ ತರಗತಿಯಲ್ಲಿದ್ದಾಗ ಹೊತ್ತು ಮುಳುಗಿದರೆ ಅವಳಿಗೆ ಏನೂ ಕಾಣುತ್ತಿರಲಿಲ್ಲ. ಇರುಳುಗಣ್ಣು. ಚಳಿಗಾಲದಲ್ಲಿ ಶಾಲೆ ಬಿಟ್ಟು ಆಟ ಮುಗಿಸಿ ಹೊರಡುವಾಗ ಕುಂಟೆಯ ಏರಿಯ ಮೇಲೆ ಕೈ ಮುಂದೆ ಚಾಚಿಕೊಂಡು ನಡೆಯುವಳು. “ಲೇ ಕೋಳೀ, ಗೂಡಿಗ್ ಓಗೇ! ಕತ್ಲಾಯ್ತು!” ಎಂದು ಹುಡುಗರು ಕೂಗುತ್ತಿದ್ದರು. “ನೀನೇ ಓಗೋ, ಉಂಜ!” ಎಂದು ಅವಳು ತಿರುಗಿ ಕೂಗುವಳು, ಆದರೆ ಯಾವ ಕಡೆಗೆ ಕೂಗಬೇಕೆಂಬುದು ತಿಳಿಯುತ್ತಿರಲಿಲ್ಲ.

ಅವಳಿಗೆ ತಾಯಿ ಇಲ್ಲ; ತಂದೆ ಪೀಣ್ಯದ ಕಡೆ ಕೆಲಸಕ್ಕೆ ಹೋದವನು ವಾರಕ್ಕೊಮ್ಮೆ ಬರುವನು; ಅಜ್ಜಿಗೆ ಹಗಲೂ ಕಾಣದು. ಆಗ ನನ್ನ ಹೆಂಡತಿ ವತ್ಸಲಾ ಅವಳನ್ನು ದಿನಾ ಸಂಜೆ ಕೈ ಹಿಡಿದು ಮನೆ ಮುಟ್ಟಿಸಿ ಬರಲು ಶುರುಮಾಡಿದಳು. ಆಸ್ಪತ್ರೆಯ ಡಾಕ್ಟರರು ಹನಿ ಔಷಧಿ ಕೊಟ್ಟು, “ದಿನಾ ಸೊಪ್ಪು ತಿನ್ನಿಸ್ರೀ, ನಿಲ್ಲಿಸಿದ್ರೆ ಮತ್ತೆ ಬರತ್ತೆ” ಎಂದರು. ವತ್ಸಲಾ ಮಧ್ಯಾಹ್ನದ ಹೊತ್ತು ಬಂದು ಚಿಕ್ಕಮುನಿಯಮ್ಮನ ಜೊತೆ ನುಗ್ಗೆಸೊಪ್ಪು ಬಿಡಿಸುತ್ತ ಕೂರುವಳು. ಆ ವರ್ಷದ ಬೇಸಿಗೆಯೊಳಗೆ ಭಾಗ್ಯಮ್ಮ ಸಂಜೆಯ ಹೊತ್ತಿನಲ್ಲಿ ಸೂಜಿಗೆ ದಾರ ಪೋಣಿಸಿ ನಮ್ಮಾಕೆಗೆ ತೋರಿಸಿದಳು.

ಕಣ್ಣು ಸರಿಹೋದ ಮೇಲೂ ನಮ್ಮಾಕೆ ಅವಳ ಕೈಹಿಡಿದು ಏರಿ ದಾಟಿಸುವುದನ್ನು ಬಿಡಲಿಲ್ಲ. “ಈಗ ಕಾಣತ್ತಲ್ಲ ಕಣೇ ಅವಳಿಗೆ” ಎಂದೆ ಒಂದು ದಿನ. “ಕಂಡ್ರೆ ಕಾಣ್ಲಿ ಬಿಡಿ, ನಿಮ್ಗೇನು?” ಎಂದಳು. ನಮ್ಮ ಮನೆಯಲ್ಲಿ ಇದ್ದದ್ದು ಎರಡೇ ತಟ್ಟೆ. ಮೂರನೆಯದನ್ನು ಕೊಳ್ಳುವ ಸಂದರ್ಭ ಹದಿನೈದು ವರ್ಷದಲ್ಲಿ ಬಂದಿರಲಿಲ್ಲ. ಅದು ಇಲ್ಲಿ ಅಪ್ರಸ್ತುತ. ಸಭೆಯ ಸಮಯವನ್ನು ಹಾಳು ಮಾಡುತ್ತಿದ್ದೇನೆ.

ಪ್ರಸ್ತುತಕ್ಕೆ ಬಂದರೆ, ಎರಡನೆಯ ವಂದನೆ ಪೌಷ್ಟಿಕ ಆಹಾರ ತಜ್ಞೆ ಶ್ರೀಮತಿ ಸೀತಾಲಕ್ಷ್ಮಿಯವರಿಗೆ. ಮಕ್ಕಳ ಆಹಾರವನ್ನು ಸುಧಾರಿಸಬೇಕೆಂದು ಬಳಗ ತೀರ್ಮಾನಿಸಿದಾಗ ಸರ್ವೆಗೆ ಬಂದವರು ಇವರು. ಒಳ್ಳೆಯ ಮನಸ್ಸಿನಿಂದಲೇ ಬಂದರು, ಅದನ್ನು ನಾನು ಅಲ್ಲಗಳೆಯುವುದಿಲ್ಲ. ನಮ್ಮ ಭಾಗ್ಯಮ್ಮನನ್ನೇ ಮುಂದೆ ಕೂರಿಸಿಕೊಂಡು ಕೇಳಿದರು. ನಾನು ಬಾಗಿಲಲ್ಲಿ ನಿಂತಿದ್ದೆ.

“ಪುಟ್ಟೀ, ಬೆಳಿಗ್ಗೆ ಏನಮ್ಮಾ ತಿಂದೆ?”

“ಇಟ್ಟು ಮೇಡಂ.”

“ಏನ್ ಇಟ್ಟು?”

“ಏನೂ ಇಲ್ಲ ಮೇಡಂ. ಬರೀ ಇಟ್ಟು.”

“ಮಧ್ಯಾಹ್ನ?”

“ಇಸ್ಕೂಲಾಗೆ ಇಟ್ಟು.”

“ರಾತ್ರಿ?”

“ಮಿಕ್ಕಿದ್ರೆ ಇಟ್ಟು.”

ಜೊತೆಗೆ ಬಂದಿದ್ದ ಸಹಾಯಕರು ಬಗ್ಗಿ, “ಹಿಟ್ಟು ಅಂತಿದಾಳೆ ಮೇಡಂ. ಫ್ಲೋರ್” ಎಂದರು.

“ಓ ಮೈ ಗಾಡ್! ಬರೀ ಫ್ಲೋರಾ? ಅದನ್ನ ಹೇಗೆ ತಿಂತೀರಾ?”

“ಅಗೀಬಾರ್ದು ಮೇಡಂ,” ಭಾಗ್ಯಮ್ಮ ಟೀಚರಂತೆ ಬೆರಳೆತ್ತಿ ಹೇಳಿಕೊಟ್ಟಳು. “ಅಂಗೇ ನುಂಗ್ಬೇಕು.”

ಮೇಡಂ ಅವರ ಕಣ್ಣಲ್ಲಿ ನೀರು ಬಂತು. ನಾನು ಒಳಗೆ ಹೋಗಿ, “ಮೇಡಂ, ಹಿಟ್ಟು ಅಂದರೆ ಇಲ್ಲಿ ಮುದ್ದೆ” ಎಂದೆ. “ಮುದ್ದೆ ಅಂದ್ರೆ ಉಂಡೆ ತಾನೆ ಸಾರ್? ಹಿಟ್ಟಿನ ಉಂಡೆ” ಎಂದರು. “ಬೇಯಿಸಿದ್ದು ಮೇಡಂ, ಕುದಿಯೋ ನೀರಿಗೆ ಹಾಕಿ ತೊಳಸಿದ್ದು” ಎಂದೆ. ಅವರು ಕರುಣೆಯಿಂದ ನನ್ನನ್ನು ನೋಡಿ, “ಪರವಾಗಿಲ್ಲ ಸಾರ್, ನೀವು ಸ್ಕೂಲಿನ ಮರ್ಯಾದೆ ಉಳಿಸೋಕೆ ಹೇಳ್ತಿದೀರಿ, ನಂಗೆ ಅರ್ಥ ಆಗತ್ತೆ” ಎಂದರು. ಇಪ್ಪತ್ತು ವರ್ಷ ಪದಗಳಿಗೆ ಅರ್ಥ ಹೇಳಿದವನಿಗೆ ಅಂದು ಅರ್ಥವಾಯಿತು, ಅರ್ಥ ಎಂದರೆ ಹಣ ಎಂಬ ಇನ್ನೊಂದು ಅರ್ಥವೂ ಇದೆ, ಮತ್ತು ಅದು ಯಾರ ಕೈಯಲ್ಲಿರುತ್ತದೋ ಪದದ ಅರ್ಥವೂ ಅವರ ಕೈಯಲ್ಲೇ ಇರುತ್ತದೆ.

ವರದಿ ತಯಾರಾಯಿತು. ಈ ಊರಿನ ಮಕ್ಕಳು ಮೂರು ಹೊತ್ತೂ ಹಸಿ ಹಿಟ್ಟನ್ನು ಅಗಿಯದೆ ನುಂಗುತ್ತಾರೆ. ಅವರಿಗೆ ಬೇಯಿಸಿದ್ದನ್ನು ತಿನ್ನುವ ಅಭ್ಯಾಸ ಇಲ್ಲ. ಆದ್ದರಿಂದ ಸುಧಾರಣೆ ಎಂದರೆ ಏನು? ಕೆಟ್ಟ ಹಿಟ್ಟಿನ ಬದಲು ಒಳ್ಳೆಯ ಹಿಟ್ಟು. ಡಬ್ಬಿಯಲ್ಲಿ ಬರುವ ಸಿಹಿ ಪುಡಿ. ಬೇಯಿಸುವುದು ಬೇಕಿಲ್ಲ ಎಂದಮೇಲೆ ಅಡಿಗೆಮನೆ ಏಕೆ? ಉಳಿದ ಹಣದಲ್ಲಿ ಮೊಸಾಯಿಕ್ ಹಾಕಿಸಬಹುದಲ್ಲ! ಹೀಗೆ, ಸಭಿಕರೇ, ಹಿಟ್ಟು ಇಂಗ್ಲಿಷಿಗೆ ಹೋಗಿ ಫ್ಲೋರಾಯಿತು. ಫ್ಲೋರು ಕನ್ನಡಕ್ಕೆ ವಾಪಸು ಬಂದು ನೆಲವಾಯಿತು. ಮಕ್ಕಳು ತಟ್ಟೆಯಲ್ಲಿದ್ದದ್ದನ್ನು ಹೇಳಿದರು, ನೀವು ಅದನ್ನು ಕಾಲಡಿಗೆ ಹಾಸಿಕೊಟ್ಟಿರಿ. ನಗಬೇಕಾದವರು ಇಲ್ಲಿ ನಗಬಹುದು.

ನಾನು ಸುಮ್ಮನಿರಲಿಲ್ಲ. ವೆಂಕಟಸುಬ್ಬಯ್ಯನವರ ಮನೆಗೇ ಹೋದೆ. ಬೆಳಗಿನ ತಿಂಡಿಯ ಹೊತ್ತು. ನನ್ನ ಮಾತನ್ನೆಲ್ಲ ಕೇಳಿ ಅವರು ಬಿದ್ದು ಬಿದ್ದು ನಕ್ಕರು. “ಎಂಥಾ ಜೋಕ್ ರೀ ಇದು! ಲೇ, ಬಾರೇ ಇಲ್ಲಿ, ಮೇಷ್ಟ್ರು ಹೇಳೋದ್ ಕೇಳು” ಎಂದು ಹೆಂಡತಿಯನ್ನು ಕರೆದು ಇನ್ನೊಮ್ಮೆ ನನ್ನಿಂದ ಹೇಳಿಸಿದರು. ನಾನು ಹೇಳಿದೆ, ಇನ್ನೂ ಚೆನ್ನಾಗಿ ಹೇಳಿದೆ, ಧ್ವನಿ ಬದಲಾಯಿಸಿ ಹೇಳಿದೆ. ಹಾಸ್ಯಗಾರ ನಾನು, ನಗುವ ಮುಖ ಕಂಡರೆ ತಡೆದುಕೊಳ್ಳಲಾರೆ. ಕೊನೆಗೆ ಅವರು ಕಣ್ಣೊರೆಸಿಕೊಂಡು, “ಆದ್ರೆ ರಾಮಪ್ರಸಾದ್, ವರದಿ ಪ್ರಿಂಟಾಗಿಬಿಟ್ಟಿದೆ ಕಣ್ರೀ” ಎಂದರು. ಆಮೇಲೆ ಕಾಫಿ ಬಂತು. ಕಾಫಿ ಚೆನ್ನಾಗಿತ್ತು.

ಮೂರನೆಯ ವಂದನೆ ಅಧ್ಯಕ್ಷತೆ ವಹಿಸಿರುವ ಗೋಪಾಲಪ್ಪನವರಿಗೆ. ಊರಿನ ಹಿರಿಯರು, ಈ ಕಟ್ಟಡದ ಕಂಟ್ರಾಕ್ಟು ಹಿಡಿದವರು. ಇವರು ಕೊಟ್ಟಿಗೆ ಕೆಡವಿದರು. ಹೊಗೆಯಿಂದ ಹೊಸ ಬಣ್ಣ ಕಪ್ಪಾಗುತ್ತದೆ ಎಂದರು. ನುಗ್ಗೆಮರ ಕಡಿಸಿದರು. ಕಂಬಳಿಹುಳು ಮಂದಿರದೊಳಗೆ ಬರುತ್ತವೆ ಎಂದರು. ಅಡಿಗಲ್ಲಿಗೆ ಕಲ್ಲು ಬೇಕಾಯಿತು. ಚಿಕ್ಕಮುನಿಯಮ್ಮ ಮುದ್ದೆ ಕಟ್ಟುತ್ತಿದ್ದ ಚಪ್ಪಡಿ ಕಲ್ಲು, ವರ್ಷಗಟ್ಟಲೆ ಅವಳ ಅಂಗೈ ಉಜ್ಜಿ ಉಜ್ಜಿ ನುಣುಪಾಗಿತ್ತು. ಅದನ್ನೇ ಎತ್ತಿಸಿ ಹೆಸರುಗಳನ್ನು ಕೆತ್ತಿಸಿದರು. “ಒಳ್ಳೆ ಕಲ್ಲು ಮೇಷ್ಟ್ರೇ, ಸುಮ್ಕೆ ಯಾಕ್ ಆಳಾಗ್ಬೇಕು?” ಎಂದರು. ಬಾಗಿಲ ಪಕ್ಕದ ಗೋಡೆಯಲ್ಲಿ ಇದೆ, ಹೋಗುವಾಗ ನೋಡಿ. ಅಡಿಗೆಗಲ್ಲು ಅಡಿಗಲ್ಲಾಗಲು ಒಂದೇ ಅಕ್ಷರ ಬಿದ್ದರೆ ಸಾಕು. ಅಡಿಗೆಗೇ ಕಲ್ಲು ಬಿದ್ದಮೇಲೆ ಅಕ್ಷರದ ಲೆಕ್ಕ ಯಾರಿಗೆ?

ಚಿಕ್ಕಮುನಿಯಮ್ಮನಿಗೆ ಕೆಲಸ ಹೋಯಿತು ಎಂದು ಯಾರೂ ಮರುಗಬೇಕಾಗಿಲ್ಲ. ಇದೇ ಕಟ್ಟಡಕ್ಕೆ ಕಾಂಕ್ರೀಟು ಹೊರುವ ಕೂಲಿ ಸಿಕ್ಕಿತು. ನಮ್ಮ ತಲೆಯ ಮೇಲಿರುವ ತಾರಸಿ ಅವಳ ತಲೆಯ ಮೇಲಿಂದಲೇ ಹತ್ತಿದ್ದು. ಮುಗಿದ ದಿನ ಸೆರಗಲ್ಲಿ ಮುಖ ಒರೆಸಿಕೊಂಡು ಸುತ್ತ ನೋಡಿ ಹೇಳಿದಳು: “ಉಣ್ಣಾಕೆ ಅರಮನೆ ಕಟ್ಟವ್ರೆ ಸಾಮಿ. ಬೇಯ್ಸಾಕೆ ಮೂರು ಕಲ್ಲಿಲ್ಲ.”

ಪುಡಿ ಬಂತು. ಪುಡಿ ಹಂಚಲು ಪುಢಾರಿಗಳೂ ಬಂದರು. ನೀರಲ್ಲಿ ಕಲಸಿದರೆ ಅಂಗುಳಿಗೆ ಅಂಟುತ್ತದೆ, ಕಲಸದಿದ್ದರೆ ಕೆಮ್ಮು ಬರುತ್ತದೆ. ಮೊದಲ ವಾರ ಮಕ್ಕಳು ತಿಂದರು. ಎರಡನೆಯ ವಾರ ಮುಖಕ್ಕೆ ಬಳಿದುಕೊಂಡು “ಪೌಡರ್ ಆಕ್ಕೊಂಡು ಎಲ್ಲಿಗ್ ಒಂಟೆ ಮಗಾ, ಸಿನಿಮಾಕ್ಕಾ?” ಎಂದು ಆಡಿಕೊಂಡರು. ಈಗ ಗಾಳಿಪಟ ಅಂಟಿಸುತ್ತಾರೆ. ಗಾಳಿಪಟಗಳು ಪುಷ್ಟಿಯಾಗಿ ಹಾರುತ್ತಿವೆ. ಮಕ್ಕಳು ಮಧ್ಯಾಹ್ನ ಮತ್ತೆ ನಲ್ಲಿಗೆ ಹೋಗುತ್ತಾರೆ. ಈಗ ನಲ್ಲಿ ಹೊಸದು.

ಒಲೆ ಆರಿ ವರ್ಷದ ಮೇಲಾಯಿತು. ಈ ವರ್ಷದಲ್ಲಿ ನಮ್ಮಾಕೆ ನುಗ್ಗೆಸೊಪ್ಪು ಬಿಡಿಸಲು ಇಲ್ಲಿಗೆ ಬಂದಿಲ್ಲ. ಬಿಡಿಸಲು ಮರವೇ ಇಲ್ಲ. ಬಾರದಿದ್ದ ಮೇಲೆ ಸಂಜೆ ಕೈಹಿಡಿದು ಏರಿ ದಾಟಿಸುವುದೂ ನಿಂತಿತು. ಇವತ್ತು ನಾನೇ ಒತ್ತಾಯ ಮಾಡಿ ಕರೆದುಕೊಂಡು ಬಂದೆ. ಕೊನೆಯ ಸಾಲಿನಲ್ಲಿ ಕುಳಿತಿದ್ದಾಳೆ.

ಹಾರದ ವಿಷಯಕ್ಕೆ ಮತ್ತೆ ಬರುತ್ತೇನೆ ಎಂದಿದ್ದೆ.

ಆ ಹುಡುಗಿ ಹಾರವನ್ನು ಈ ಕಂಬಕ್ಕೆ ಹಾಕಿದಾಗ ಇಡೀ ಸಭೆ ನಕ್ಕಿತು. ನನ್ನ ಜೋಕಿಗೆ ಯಾರು ಯಾರು ನಗುತ್ತಾರೆ ಎಂದು ನೋಡುವ ಚಟ ನನಗೆ. ನೋಡಿದೆ. ನಗದಿದ್ದವಳು ಒಬ್ಬಳೇ. ನನ್ನ ಹೆಂಡತಿ ಎದ್ದು ನಿಂತಿದ್ದಳು. ಕೈ ಮುಂದೆ ಚಾಚಿದ್ದಳು, ಅಷ್ಟು ದೂರದಿಂದ. ಆಗ ನನಗೆ ತಿಳಿಯಿತು. ಭಾಗ್ಯಮ್ಮ ತಪ್ಪು ಮಾಡಿದ್ದಲ್ಲ. ಮುಖ್ಯ ಅತಿಥಿಗಳು ಗಂಟಲು ಸರಿಮಾಡಿಕೊಂಡ ಸದ್ದು ಈ ಕಂಬದ ಪಕ್ಕದ ಧ್ವನಿವರ್ಧಕದಲ್ಲಿ ಬಂತು. ಸದ್ದು ಬಂದ ಕಡೆಗೆ ಅವಳು ಹೋದಳು. ಸ್ವಾಮಿ, ಹೊತ್ತು ಮುಳುಗಿತ್ತು. ಅವಳಿಗೆ ನೀವು ಕಾಣಲಿಲ್ಲ. ನಾನು ಕಾಣಲಿಲ್ಲ. ಈ ಕಂಬವೂ ಕಾಣಲಿಲ್ಲ. ನೀವು ಮೂರು ಗಂಟೆಗೆ ಬಂದಿದ್ದರೆ ಹಾರ ನಿಮ್ಮ ಕೊರಳಿಗೇ ಬೀಳುತ್ತಿತ್ತು, ನಮಗೆ ಯಾರಿಗೂ ಏನೂ ತಿಳಿಯುತ್ತಿರಲಿಲ್ಲ. ಅದಕ್ಕಾಗಿ ರೈಲ್ವೆ ಗೇಟಿಗೆ ನನ್ನ ನಾಲ್ಕನೆಯ ವಂದನೆ.

ಭಾಗ್ಯ ಎಂಬ ಪದಕ್ಕೆ ನಿಘಂಟಿನಲ್ಲಿ ಅದೃಷ್ಟ ಎಂದು ಅರ್ಥ ಕೊಟ್ಟಿರುತ್ತಾರೆ. ಅದೃಷ್ಟ ಎಂದರೆ ಕಾಣದಿರುವುದು. ಇಷ್ಟು ವರ್ಷ ಇದನ್ನು ತರಗತಿಯಲ್ಲಿ ಚಮತ್ಕಾರವೆಂದು ಹೇಳಿ ಚಪ್ಪಾಳೆ ಗಿಟ್ಟಿಸಿದ್ದೇನೆ. ಇನ್ನು ಹೇಳಲಾರೆ.

ಇನ್ನು ಅರ್ಪಣೆ. ಕಾರ್ಯಕ್ರಮದ ಪ್ರಕಾರ ಈಗ ಪುಡಿಯ ಡಬ್ಬಿಗಳ ವಿತರಣೆ. ಡಬ್ಬಿಗಳನ್ನು ವೇದಿಕೆಯ ಮೇಲೇ ಬಿಟ್ಟಿದ್ದೇವೆ, ತಂದವರು ದಯವಿಟ್ಟು ವಾಪಸು ತೆಗೆದುಕೊಂಡು ಹೋಗಬೇಕು. ನಾಳೆ ಬೆಳಿಗ್ಗೆ ಈ ಮಂದಿರದ ಹಿಂದಿನ ಬಯಲಲ್ಲಿ ಮೂರು ಕಲ್ಲು ಹೂಡುತ್ತೇವೆ. ಚಿಕ್ಕಮುನಿಯಮ್ಮ ಬರುತ್ತೇನೆಂದಿದ್ದಾಳೆ. ಹೊಗೆ ಗೋಡೆಗೆ ಹಿಡಿದರೆ ಹಿಡಿಯಲಿ. ನನ್ನನ್ನು ವರ್ಗ ಮಾಡಿಸುವ ಮನಸ್ಸಿದ್ದವರು ಮಾಡಿಸಬಹುದು. ಒಲೆಯನ್ನು ಮಾತ್ರ ವರ್ಗ ಮಾಡಬೇಡಿ. ನುಗ್ಗೆಕೊಂಬೆ ಯಾರ ಹಿತ್ತಲಲ್ಲಾದರೂ ಇದ್ದರೆ ಒಂದು ತುಂಡು ತಂದುಕೊಡಿ, ನೆಟ್ಟರೆ ಬರುತ್ತದೆ. ಬರುವವರೆಗೆ ಬೇಲಿಯ ಸೊಪ್ಪು.

ದೀಪ ಹಿಡಿದಿರುವವರು ಸ್ವಲ್ಪ ಇತ್ತ ಎತ್ತಿ ಹಿಡಿಯಿರಿ. ಮಕ್ಕಳು ಏರಿಯ ಮೇಲೆ ಹೋಗಬೇಕು. ಭಾಗ್ಯಾ, ನೀನು ಏಳಬೇಡ ಮಗು. ಅಲ್ಲೇ ಇರು, ಅಮ್ಮ ಬರ್ತಿದಾರೆ ಹಿಂದಿನಿಂದ. ಇಲ್ಲ, ಈ ಕಡೆ ತಿರುಗು. ಅದು ಗೋಡೆ ಕಣಮ್ಮ. ನಾನು ಇಲ್ಲಿದೀನಿ.

ಅತಿಥಿಗಳಿಗೆ, ಅಧ್ಯಕ್ಷರಿಗೆ, ಮೈಕಿನವರಿಗೆ, ಇಷ್ಟು ಹೊತ್ತು ಕೂತ ನಿಮಗೆಲ್ಲ ಈ ಶಾಲೆಯ ಖಾಲಿ ತಟ್ಟೆಗಳ ಪರವಾಗಿ ವಂದನೆಗಳು. ಹೊಸ ಫ್ಲೋರು, ಬಹಳ ಜಾರುತ್ತದೆ. ಕಣ್ಣು ಕಾಣುವವರು ನೋಡಿಕೊಂಡು ಹೆಜ್ಜೆ ಇಡಿ. ನಮಸ್ಕಾರ.